ನಾರು ಹತ್ತದ ಮೈ

ಲಿಂಗಸುಗೂರು

ನಮ್ಮ ಸೀಮೆಯಿಂದ ವಿಲಾಯಿತಿಗೆ ಹೋದವರು ಹಿಂದೆಯೂ ಇದ್ದಾರೆ. ಒಬ್ಬರು ವಕೀಲಿ ಓದಲು ಹೋದರು, ಕೆಲವರು ಯುದ್ಧಕ್ಕೆ ಹೋದರು. ಬರೀ ತಮ್ಮ ರಕ್ತವನ್ನು ತೋರಿಸಲು ಹೋದವರು ನಾವಿಬ್ಬರೇ ಎಂದು ಧೈರ್ಯವಾಗಿ ಹೇಳಬಲ್ಲೆ. ಒಬ್ಬ ನಾನು, ಲಿಂಗಸುಗೂರು ದವಾಖಾನೆಯಲ್ಲಿ ಮೂವತ್ತು ವರ್ಷ ಕಂಪೌಂಡರನಾಗಿದ್ದು ನಿವೃತ್ತನಾದವನು. ಇನ್ನೊಬ್ಬ ಮಸ್ಕಿಯ ಪಿಂಜಾರ ಖಾಸಿಂಸಾಬ, ಬಿಲ್ಲು ಹೆಗಲಿಗೇರಿಸಿ ಊರೂರು ತಿರುಗಿ ಹತ್ತಿ ಹಿಂಜುವವನು, ಗಾದಿ ಹೊಲಿಯುವವನು. ಆಗ ನನಗೆ ಐವತ್ತೇಳು, ಅವನಿಗೆ ನಲವತ್ತು.

ನಮ್ಮನ್ನು ಅಲ್ಲಿಗೆ ಕರೆಸಿದ್ದು ನಾರು. ನಮ್ಮ ಕಡೆಯವರಿಗೆ ನಾರು ಎಂದರೆ ಏನೆಂದು ಹೇಳಬೇಕಾಗಿಲ್ಲ. ಬೇರೆ ಸೀಮೆಯ ಓದುಗರಿಗಾಗಿ ಹೇಳುತ್ತೇನೆ. ಮೆಟ್ಟಿಲ ಬಾವಿಯ ನೀರಿನಲ್ಲಿ ಧೂಳಿನ ಕಣದಂಥ ಒಂದು ಜೀವಿ ಇರುತ್ತದೆ. ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ. ಆ ನೀರು ಕುಡಿದವನ ಮೈಯೊಳಗೆ ಮರಿ ಸುಮಾರು ಒಂದು ವರ್ಷ ಸದ್ದಿಲ್ಲದೆ ಬೆಳೆಯುತ್ತದೆ. ಮೊಳಕ್ಕಿಂತ ಉದ್ದದ ಬಿಳಿ ದಾರವಾದ ಮೇಲೆ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ ತಲೆ ಹೊರಗೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಿನಷ್ಟು ಎಳೆಯಬೇಕು. ಅವಸರಕ್ಕೆ ಹರಿದರೆ ಕಾಲು ಕುಂಬಳಕಾಯಿಯಾಗುತ್ತದೆ, ಕೆಲವರ ಜೀವವೂ ಹೋಗುತ್ತದೆ.

ನಿಜಾಮನ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಲಂಡನ್ನಿನ ಒಬ್ಬ ಡಾಕ್ಟರು ಮೂರು ಬೇಸಿಗೆ ನಮ್ಮಲ್ಲಿಗೆ ಬಂದರು. ಕಂಡ ಕಂಡ ಬಾವಿಗೆ ಸೀಸೆ ಹಿಡಿದು ಇಳಿಯುತ್ತಿದ್ದುದರಿಂದ ಜನ ಅವರಿಗೆ ಬಾವಿ ಸಾಹೇಬರು ಎಂದು ಹೆಸರಿಟ್ಟರು. ನಾನೂ ಹಾಗೆಯೇ ಕರೆಯುತ್ತೇನೆ. ಅವರ ತಲೆಯಲ್ಲಿ ಒಂದೇ ಪ್ರಶ್ನೆ. ಸಿಡುಬು ಒಮ್ಮೆ ಬಂದು ಹೋದವನಿಗೆ ಮತ್ತೆ ಬರುವುದಿಲ್ಲ, ಮೈ ಪಾಠ ಕಲಿತಿರುತ್ತದೆ. ನಾರಿನ ವಿಷಯದಲ್ಲಿ ಮೈ ಕಲಿಯುತ್ತದೆಯೇ, ಇಲ್ಲವೇ?

ಖಾಸಿಂಸಾಬನಿಗೆ ಎಂಟು ಸಲ ನಾರು ಬಂದಿತ್ತು. ನನಗೆ ಒಂಬತ್ತನೆಯ ವಯಸ್ಸಿನಲ್ಲಿ ಸಿಂಧನೂರಿನಲ್ಲಿದ್ದಾಗ ಒಮ್ಮೆ ಬಂದಿತ್ತು, ಆಮೇಲೆ ನಲವತ್ತೆಂಟು ವರ್ಷ ಬರಲಿಲ್ಲ. ಅವನದು ಕಲಿಯದ ಮೈ, ನನ್ನದು ಕಲಿತ ಮೈ ಎಂದು ಸಾಹೇಬರು ತೀರ್ಮಾನಿಸಿದರು. ನಾನು ನೀರು ಸೋಸಿ ಕುಡಿಯುವವನೆಂದು ಅವರಿಗೆ ಗೊತ್ತಿತ್ತು. ನಾರು ಬಂದು ಹೋದ ಮೇಲೆ ನನ್ನ ತಾಯಿ ನನ್ನ ಪಾಲಿನ ನೀರನ್ನು ಸೋಸತೊಡಗಿದಳು. ಮುಂದೆ ಸಿಕಂದರಾಬಾದಿನ ಫೌಜಿ ದವಾಖಾನೆಯಲ್ಲಿ ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯುವುದು ನನ್ನ ಎಲುಬಿಗೆ ಇಳಿಯಿತು. ಆದರೆ ನಲವತ್ತೆಂಟು ವರ್ಷದಲ್ಲಿ ಒಂದು ದಿನವೂ ತಪ್ಪದ ಮನುಷ್ಯ ಭೂಮಿಯ ಮೇಲೆ ಇರಲಾರ, ಎಲ್ಲೋ ಹಾದಿಯಲ್ಲಿ ತಪ್ಪಿಯೇ ಇರುತ್ತಾನೆ, ಆದರೂ ನಾರು ಹತ್ತಿಲ್ಲವೆಂದರೆ ಅದು ರಕ್ತದ ಗುಣ ಎಂಬುದು ಸಾಹೇಬರ ವಾದ. ಆ ಗುಣವನ್ನು ಹುಡುಕಿ ತೆಗೆದರೆ ಸಿಡುಬಿನಂತೆ ನಾರಿಗೂ ಸೂಜಿ ಹಾಕಬಹುದು.

ಯಾರಿಗೆ ಬೇಡ ಹೇಳಿ ಅಂಥ ರಕ್ತ? ನಾನು ಒಪ್ಪಿದೆ. ಸಾಹೇಬರು ನನ್ನ ಹೇಳಿಕೆ ಬರೆದುಕೊಂಡರು: 'ಒಮ್ಮೆ ನಾರು ಬಂದು ಹೋದ ನನಗೆ ಮತ್ತೆ ಹತ್ತಲಿಲ್ಲ.' ರುಜು ಹಾಕುವ ಮುಂಚೆ ನಾನೇ ಲೇಖನಿ ಇಸಿದುಕೊಂಡು 'ಹತ್ತುವುದೂ ಇಲ್ಲ' ಎಂದು ಸೇರಿಸಿದೆ. ಹಾಗೆ ಬರೆಯಲು ಅವರು ಕೇಳಿರಲಿಲ್ಲ.

ಹೊರಡುವ ಮುಂಚಿನ ಒಂದು ವರ್ಷ ಖಾಸಿಂಸಾಬನನ್ನು ದವಾಖಾನೆಯ ಆವರಣದಲ್ಲೇ ಇರಿಸಿಕೊಂಡೆವು. ಗಾದಿಗಳನ್ನು ಹಿಂಜಿ ಹೊಲಿಯುವ ಕೆಲಸ ಕೊಟ್ಟು, ತಿಂಗಳಿಗೊಮ್ಮೆ ರಕ್ತ ತೆಗೆಯುವುದು. ನಿವೃತ್ತನಾಗಿದ್ದರೂ ನಾನು ದಿನಾ ಹೋಗಿ ಅವನ ಹಾಸಿಗೆ, ತಾಟು, ನೀರಿನ ಕೊಡ ಎಲ್ಲವನ್ನೂ ನೋಡಿ ಬರುತ್ತಿದ್ದೆ.

ಹೊರಟ ದಿನ ಬಸ್ಸು ಮಸ್ಕಿಯಲ್ಲಿ ನಿಂತಾಗ ಇಪ್ಪತ್ತು ಮೂವತ್ತು ಜನ ಕೂಡಿದ್ದರು. ಹಿಮ್ಮಡಿಗೆ ಅರಿವೆ ಸುತ್ತಿಕೊಂಡ ಒಬ್ಬ ಮುದುಕಿ ಕೋಲೂರಿಕೊಂಡು ಬಂದು ಕಿಟಕಿ ಹಿಡಿದಳು.

"ಬರೂಮುಂದ ಆ ಸೂಜಿ ತಗೊಂಡ ಬಾ ನಮ್ಮಪ್ಪಾ. ನನಗಲ್ಲ, ಮೊಮ್ಮಕ್ಕಳಿಗೆ."

"ತರ್ತೀನಿ ಯವ್ವಾ" ಎಂದೆ. ಆ ಮಾತನ್ನು ಹೊತ್ತುಕೊಂಡೇ ಹೋದೆ.

ಏಡನ್

ಹಡಗಿನಲ್ಲಿ ಎಲ್ಲಕ್ಕೂ ಗಂಟೆ. ನನಗೆ ತವರಿಗೆ ಬಂದಂತಾಯಿತು. ಉಳಿದವರು ಗಂಟೆಯನ್ನು ಬೈಯುತ್ತಾ ಏಳುತ್ತಿದ್ದರು, ನಾನು ಅದಕ್ಕಿಂತ ಮೊದಲೇ ಎದ್ದು ಪೂಜೆ ಮುಗಿಸಿ ಅದರ ದಾರಿ ಕಾಯುತ್ತಿದ್ದೆ. ಊಟದ್ದು ಮಾತ್ರ ಕಷ್ಟ. ಮಾಂಸ ಬೇಡವೆಂದರೆ ಬೇಯಿಸಿದ ಆಲೂಗಡ್ಡೆ, ಅದೂ ಬೇಡವೆಂದರೆ ಬೆಣ್ಣೆ ಹಚ್ಚಿದ ಬ್ರೆಡ್ಡು. ಕಟ್ಟಿಕೊಂಡು ಬಂದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಎಂಟು ದಿನ ಕಾಪಾಡಿದವು.

ಖಾಸಿಂಸಾಬ ಎರಡು ದಿನ ವಾಂತಿ ಮಾಡಿಕೊಂಡು ಮೂರನೆಯ ದಿನ ಹಾಸಿಗೆಯನ್ನು ಪರೀಕ್ಷಿಸಲು ಕುಳಿತ. ಒತ್ತಿ ನೋಡಿದ, ಮೂಸಿ ನೋಡಿದ. ಇದು ಹತ್ತಿಯಲ್ಲ, ಕುದುರೆಯ ಕೂದಲು ಎಂದು ಸಾರಿದ. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಖಾತ್ರಿ ಮಾಡಿಕೊಳ್ಳಲು ಗಾದಿಯ ಒಂದು ಮೂಲೆ ಬಿಚ್ಚಿದ್ದ. ಅದೇ ಹೊತ್ತಿಗೆ ಕೋಣೆ ನೋಡಿಕೊಳ್ಳುವ ಗೋವೆಯ ಮಾಣಿ ಒಳಗೆ ಬಂದು ತಲೆಯ ಮೇಲೆ ಕೈ ಹೊತ್ತುಕೊಂಡ. ಮಧ್ಯಾಹ್ನದ ಗಂಟೆಯೊಳಗೆ ಇದ್ದ ಹಾಗೆ ಹೊಲಿದಿಡಬೇಕು ಎಂದು ಖಾಸಿಂಸಾಬನಿಗೆ ತಾಕೀತು ಮಾಡಿದೆ. ಮಾಣಿ ಬಂದು ಹೊಲಿಗೆಯ ಮೇಲೆ ಬೆರಳಾಡಿಸಿದ, ಹೊರಗೆ ಹೋದ, ಹರಿದ ನಾಲ್ಕು ದಿಂಬು ಹೊತ್ತುಕೊಂಡು ಮರಳಿ ಬಂದ. ನಮ್ಮ ಮಸ್ಕಿಯ ಸೂಜಿಯ ಕೆಲಸ ಇಂದಿಗೂ ಆ ಹಡಗಿನಲ್ಲಿ ಸಮುದ್ರ ದಾಟುತ್ತಿರಬಹುದು.

ಏಡನ್ನಿನಲ್ಲಿ ಅರ್ಧ ದಿನ ಇಳಿಯಲು ಬಿಟ್ಟರು. ಬೇರೆಯವರು ಅಂಗಡಿಗಳಿಗೆ ಹೋದರು. ನಾವು ಗುಡ್ಡದಲ್ಲಿ ಕಡೆದ ಹಳೆಯ ನೀರಿನ ಕೊಳಗಳನ್ನು ನೋಡಲು ಹೋದೆವು. ನಮ್ಮ ಮೆಟ್ಟಿಲ ಬಾವಿಗಳ ಹಿರಿಯಣ್ಣ ಎನ್ನಬೇಕು, ಅಷ್ಟು ದೊಡ್ಡವು, ಅಷ್ಟು ಚೆಂದದವು, ತಳದವರೆಗೆ ಒಣಗಿದ್ದವು. ಪಕ್ಕದಲ್ಲಿ ನೆರಳಿಗೆ ಕೂತಿದ್ದ ಒಬ್ಬ ಅರಬ ಮುದುಕನಿಗೆ ಖಾಸಿಂಸಾಬ ಸಲಾಂ ಹೇಳಿದ. ಇಬ್ಬರಿಗೂ ಸಲಾಮಿನಿಂದ ಮುಂದಿನ ಭಾಷೆ ಇರಲಿಲ್ಲ. ಖಾಸಿಂಸಾಬ ಕುಳಿತು ಪಾಯಜಾಮ ಮೇಲೆತ್ತಿ ತನ್ನ ಎಂಟು ಕಲೆ ತೋರಿಸಿದ. ಮುದುಕ ಒಂದು ಗಳಿಗೆ ನೋಡಿದ. ನಂತರ ಹೆಬ್ಬೆರಳು, ತೋರುಬೆರಳು ಜೋಡಿಸಿ ಕಾಣದ ಒಂದು ಕಡ್ಡಿಯನ್ನು ಗಾಳಿಯಲ್ಲಿ ನಿಧಾನಕ್ಕೆ, ಅತಿ ನಿಧಾನಕ್ಕೆ ತಿರುಗಿಸಿದ. ತನ್ನ ಮೊಣಕಾಲ ಕೆಳಗಿನ ಮೂರು ಕಲೆ ತೋರಿಸಿದ.

ಸಮುದ್ರದ ಆಚೆಯೂ ಅದೇ ಹುಳ, ಅದೇ ಕಡ್ಡಿ, ಅದೇ ಸಾವಧಾನ. ಮುದುಕ ನನ್ನ ಕಾಲಿಗೂ ಕೈ ತೋರಿಸಿದ. ನಾನು ಒಂದೇ ಹಳೆಯ ಕಲೆ ತೋರಿಸಿ, ಒಂದು ಬೆರಳೆತ್ತಿ, ಎದೆ ತಟ್ಟಿಕೊಂಡೆ.

ಸೂಯೆಜ್ ದಾಟಿದ ಮೇಲೆ

ಹಡಗು ಮೆಡಿಟರೇನಿಯನ್ ಸಮುದ್ರವನ್ನೂ ದಾಟಿ ಲಂಡನ್ನಿಗೆ ಇನ್ನು ಮೂರು ದಿನದ ದಾರಿ ಇದ್ದಾಗ ಒಂದು ಮುಂಜಾನೆ ನನ್ನ ಮೈಯೆಲ್ಲ ತುರಿಸತೊಡಗಿತು. ಎದೆ, ಬೆನ್ನು, ತೋಳುಗಳ ಮೇಲೆ ಕೆಂಪು ಗಂದೆ. ಕಣ್ಣಿನ ರೆಪ್ಪೆ ಊದಿದವು. ಹೊಟ್ಟೆ ತೊಳಸಿತು. ಉಸಿರು ಸ್ವಲ್ಪ ಬಿಗಿಯಿತು. ಪಿತ್ತ ಎಂದುಕೊಂಡು ಬ್ರೆಡ್ಡು ಬೆಣ್ಣೆಯನ್ನು ದೂರಿದೆ. ಖಾಸಿಂಸಾಬ ಮೇಲಿನ ಹಾಸಿಗೆಯಿಂದ ತಲೆ ಕೆಳಗೆ ಬಿಟ್ಟು ನನ್ನನ್ನೇ ನೋಡುತ್ತಿದ್ದ.

"ಇದು ಪಿತ್ತ ಅಲ್ರಿ, ಕಂಪೌಂಡರ್ ಸಾಹೇಬ್ರ."

"ಪಿತ್ತನ. ನಿನಗೇನ ಗೊತ್ತಲೇ?"

"ನಂಗ ಎಂಟ ಸಲ ಬಂದೈತ್ರಿ. ಅದು ಬಾಗಲಾ ಬಡಿಯೂಕಿಂತ ಮೊದಲ ಹಿಂಗ ಗಂದಿ ಏಳ್ತಾವ. ನಾಳಿ ನಾಡದ ಬೊಬ್ಬಿ ಬರ್ತೈತಿ ನೋಡ್ರಿ."

"ಬಾಯಿ ಮುಚ್ಚು."

"ನಾ ಮುಚ್ತೀನ್ರಿ. ಬೊಬ್ಬಿ ಮುಚ್ಚೂದಿಲ್ಲ."

ಮಾರನೆಯ ದಿನ ಗಂದೆಗಳು ಇಳಿದವು. ಎಡಗಾಲಿನ ಮೀನಖಂಡದ ಹಿಂದೆ, ನನ್ನ ಕಣ್ಣಿಗೆ ಬೀಳದ ಜಾಗದಲ್ಲಿ, ಉರಿಯುವ ಒಂದು ಬೊಬ್ಬೆ ಎದ್ದಿತು. ನೂರಾರು ಜನರ ನಾರು ಎಳೆದ ಬೆರಳು ನನ್ನವು. ಅವಕ್ಕೆ ಮುಟ್ಟಿದೊಡನೆ ಗೊತ್ತಾಯಿತು.

ಅಂದು ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಸಾಹೇಬರಿಗೆ ಹೇಳಬೇಡ ಎಂದು ಖಾಸಿಂಸಾಬನ ಬಾಯಿ ಕಟ್ಟಿದೆ. ಯಾವ ಮೈಯನ್ನು ನಂಬಿ ಅವರು ನಮ್ಮನ್ನು ಇಷ್ಟು ದೂರ ಕರೆಸಿದ್ದರೋ ಆ ಮೈಯೇ ಸುಳ್ಳಾಗಿತ್ತು. ನನ್ನ ರುಜುವಿನ ಮೇಲೆ ಅವರು ಬರೆದ ಪ್ರಬಂಧ ತಿಂಗಳೊಳಗೆ ದೊಡ್ಡ ಡಾಕ್ಟರರ ಸಭೆಯ ಮುಂದೆ ಬರಲಿತ್ತು. ಮಸ್ಕಿಯ ಮುದುಕಿಗೆ ಕೊಟ್ಟ ಮಾತಂತೂ ಆ ಬೊಬ್ಬೆಗಿಂತ ಹೆಚ್ಚು ಉರಿಯುತ್ತಿತ್ತು. ಗುಣವಿಲ್ಲದ ರಕ್ತದಿಂದ ಸೂಜಿ ಎಲ್ಲಿಂದ ಬರಬೇಕು?

ಡೈರಿ ತೆಗೆದೆ. ಇಪ್ಪತ್ತು ವರ್ಷದಿಂದ ಎಲ್ಲಿ ಉಂಡೆ, ಎಲ್ಲಿ ನೀರು ಕುಡಿದೆ ಎಂದು ಬರೆದಿಡುವ ರೂಢಿ ನನ್ನದು. ಹಿಂದಿನ ಬೇಸಿಗೆಯ ಪುಟಗಳನ್ನು ಎರಡು ಸಲ ಓದಿದೆ. ಎಲ್ಲ ದಿನವೂ ಸೋಸಿದ ನೀರು. ತಪ್ಪು ಎಲ್ಲಿಯೂ ಸಿಗಲಿಲ್ಲ.

ಲಂಡನ್, ಮೊದಲ ಮೂರು ದಿನ

ಬಾವಿ ಸಾಹೇಬರು ಬಂದರಿಗೇ ಬಂದಿದ್ದರು. ಲಿಂಗಸುಗೂರಿನಲ್ಲಿ ಬಿಸಿಲ ಟೋಪಿ, ಕೆಸರಿನ ಚಡ್ಡಿ ಹಾಕಿಕೊಂಡು ತಿರುಗುತ್ತಿದ್ದ ಮನುಷ್ಯ ಇಲ್ಲಿ ಕಪ್ಪು ಕೋಟಿನಲ್ಲಿ ತಹಶೀಲ್ದಾರರಂತೆ ಕಂಡರು. ನಮ್ಮನ್ನು ಕಂಡೊಡನೆ "ಆರಾಮ ಅದೀರೇನ್ರಿ?" ಎಂದು ಜನರ ನಡುವೆ ಕೂಗಿದರು. ಅಷ್ಟು ಕನ್ನಡ ಕಲಿತಿದ್ದರು.

ಆ ಊರಿನ ಜನ ಸಾಲು ನಿಲ್ಲುವುದನ್ನು ನೋಡಿ ನನಗೆ ಕಣ್ಣು ತಂಪಾಯಿತು. ಬಸ್ಸಿಗೆ ಸಾಲು, ಬ್ರೆಡ್ಡಿಗೆ ಸಾಲು, ಯಾರೂ ತಳ್ಳುವುದಿಲ್ಲ. ಸಿಂಧನೂರಿನ ಬಸ್ಸಿಗೆ ಕಿಟಕಿಯಿಂದ ಟವೆಲ್ಲು ಎಸೆದು ಜಾಗ ಹಿಡಿಯುವವರನ್ನು ನೆನೆದು ಖಾಸಿಂಸಾಬ ನಕ್ಕ. ಆದರೆ ನನ್ನ ದವಾಖಾನೆಯ ಕಟ್ಟೆಯ ಮುಂದೆ ಮೂವತ್ತು ವರ್ಷ ಜನ ಹೀಗೆಯೇ ನಿಂತಿದ್ದಾರೆ, ನಿಲ್ಲಿಸಿದವನು ನಾನು. ಅಶಿಸ್ತು ಅವರಲ್ಲಿ ಕಂಡದ್ದು ಸೂರ್ಯನದು ಮಾತ್ರ. ಬೇಸಿಗೆಯಲ್ಲಿ ರಾತ್ರಿಯೂಟ ಮುಗಿದರೂ ಮುಳುಗುವುದಿಲ್ಲ.

ನಾವು ಇಳಿದುಕೊಂಡದ್ದು ಒಬ್ಬ ವಿಧವೆಯ ಮನೆಯಲ್ಲಿ. ಮೊದಲನೆಯ ಬೆಳಿಗ್ಗೆಯೇ ಅವಳಿಗೆ ನನ್ನಿಂದ ಅಪಮಾನವಾಯಿತು. ನಳದ ಬಾಯಿಗೆ ನನ್ನ ಬಿಳಿ ಬಟ್ಟೆ ನಾಲ್ಕು ಮಡಿಕೆ ಮಾಡಿ ಕಟ್ಟಿ ಚೆಂಬು ತುಂಬಿಸಿದೆ. ಅದನ್ನು ಕಂಡು ಅವಳ ಮುಖ ಕೆಂಪಾಯಿತು. ತನ್ನ ಮನೆಯ ನೀರಿನಲ್ಲಿ ಕೊಳೆಯಿದೆ ಎಂದು ನಾನು ಹೇಳಿದಂತೆ ಅವಳು ತಿಳಿದಳು. ಮಧ್ಯಾಹ್ನಕ್ಕೆ ನಳ ರಿಪೇರಿಯವನು ಹತಾರುಗಳ ಸಮೇತ ಬಂದ. ಸಾಹೇಬರು ಟೆಲಿಫೋನಿನಲ್ಲಿ ಅವಳಿಗೆ ಸಮಾಧಾನ ಹೇಳಬೇಕಾಯಿತು. ಆ ಊರಿನವರು ಗ್ಲಾಸು ಹಿಡಿದು ನಳ ತಿರುಗಿಸಿ, ಒಳಗೆ ನೋಡದೆಯೇ ಗಟಗಟ ಕುಡಿಯುತ್ತಾರೆ. ನೀರನ್ನು ಅಷ್ಟು ನಂಬಿ ಕುಡಿಯುವವರನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿಯೇ. ಹೊಟ್ಟೆಕಿಚ್ಚಾಯಿತು.

ಮೂರನೆಯ ದಿನ ಆಸ್ಪತ್ರೆಗೆ ಕರೆದರು. ಸಾಹೇಬರು ತಾವೇ ನನ್ನ ತೋಳಿನಿಂದ ರಕ್ತ ತೆಗೆದರು. ಸೀಸೆಯನ್ನು ಬೆಳಕಿಗೆ ಹಿಡಿದು, ಅಲ್ಲಿದ್ದ ಇಬ್ಬರು ಎಳೆಯ ಡಾಕ್ಟರರಿಗೆ, ಇದು ಚಿನ್ನ, ಇದನ್ನು ಹುಷಾರಾಗಿ ಹಿಡಿಯಿರಿ ಎಂದು ಹೇಳಿದರು. ಖಾಸಿಂಸಾಬ ಮೂಲೆಯ ಕುರ್ಚಿಯಲ್ಲಿ ಕೂತು ತನ್ನ ಕಾಲಬೆರಳುಗಳನ್ನು ನೋಡಿಕೊಳ್ಳುತ್ತಿದ್ದ.

ನಾನು ಎದ್ದು ನಿಂತೆ. ಪ್ಯಾಂಟಿನ ಎಡಗಾಲನ್ನು ಮೊಣಕಾಲಿನವರೆಗೆ ಮಡಚಿ, ಸಾಹೇಬರಿಗೆ ಬೆನ್ನು ಮಾಡಿ ತಿರುಗಿದೆ. ಆ ಹೊತ್ತಿಗೆ ಬೊಬ್ಬೆ ಒಡೆದು, ಬಿಳಿಯ ಎಳೆ ನೂಲಿನ ತುದಿಯಷ್ಟು ಹೊರಗೆ ಬಂದಿತ್ತು.

ನಾನು ಗೋಡೆಯನ್ನು ನೋಡುತ್ತಾ ನಿಂತಿದ್ದೆ. 'ಹತ್ತುವುದೂ ಇಲ್ಲ' ಎಂದು ಬರೆದದ್ದು ನನ್ನ ಮೊದಲನೆಯ ತಪ್ಪು, ಐದು ದಿನದ ಹಿಂದೆಯೇ ಗೊತ್ತಾಗಿತ್ತು, ಹೇಳಲಿಲ್ಲ, ಅದು ಎರಡನೆಯದು ಎಂದೆ. ಸಾಹೇಬರು ಮೊಣಕಾಲೂರಿ ನೋಡಿದರು. ಬಹಳ ಹೊತ್ತು ನೋಡಿದರು. ಎದ್ದಾಗ ಅವರ ಮುಖ ಇಳಿದಿತ್ತು. ಮೂರು ವರ್ಷದ ಕೆಲಸ ನೆಲಕ್ಕೆ ಬಿದ್ದ ಮನುಷ್ಯನ ಮುಖ ಅದು. ಆದರೂ ಅವರು ಮೊದಲು ಕೇಳಿದ್ದು, ನೋವು ಇದೆಯೇ ಎಂದು.

ಬೆಳಗಿನ ಎಂಟು ಗಂಟೆ

ಎಳೆಯ ಡಾಕ್ಟರರಲ್ಲಿ ಒಬ್ಬನು ಕೊಯ್ದು ತೆಗೆಯೋಣ ಎಂದ. ನಾನು ಬೇಡವೆಂದೆ. ಹುಳ ಎಲ್ಲಿ ಹೇಗೆ ಮಡಚಿಕೊಂಡಿದೆಯೋ ಕತ್ತಿಗೆ ಗೊತ್ತಾಗುವುದಿಲ್ಲ, ತುಂಡಾದರೆ ಕಾಲು ಹೋಗುತ್ತದೆ. ನಮ್ಮ ಪದ್ಧತಿಯಲ್ಲಿ ತೆಗೆಯುತ್ತೇವೆ, ದಿನಾ ಎಂಟು ಗಂಟೆಗೆ, ನೋಡಬೇಕಾದವರು ಬರಬಹುದು ಎಂದೆ.

ಹೇಳಿದ್ದೇನೋ ಸರಿ. ಆದರೆ ಮೀನಖಂಡದ ಹಿಂದಿನ ನಾರನ್ನು ನಾನೇ ಎಳೆದುಕೊಳ್ಳಲಾರೆ. ಖಾಸಿಂಸಾಬ ಬೆಂಕಿಕಡ್ಡಿಯ ಮದ್ದು ಕೆರೆದು, ನುಣುಪು ಮಾಡಿ, ನನ್ನ ಮುಂದೆ ಹಿಡಿದ. ಎಂಟು ಸಲ ಯಾರ ಯಾರ ಕೈಯಿಂದಲೋ ತನ್ನ ಕಾಲಿನಿಂದ ನಾರು ತೆಗೆಸಿಕೊಂಡವನು ಅವನು. ಹತ್ತಿಯ ಎಳೆ ಹರಿಯದಂತೆ ಹಿಂಜುವ ಬೆರಳು ಅವನವು. ನನ್ನ ಕಾಲನ್ನು ಅವನ ತೊಡೆಯ ಮೇಲೆ ಇಟ್ಟೆ.

ತಣ್ಣೀರು ಹನಿಸುವುದು, ಹುಳ ಸಡಿಲಾಗುವವರೆಗೆ ಕಾಯುವುದು, ಕಡ್ಡಿಯನ್ನು ಅರ್ಧ ಸುತ್ತು, ಮತ್ತೆ ಕಾಯುವುದು. ಬಿಗಿಯಾಯಿತು ಅನಿಸಿದ ಕೂಡಲೇ ನಿಲ್ಲಿಸಿ ಕಡ್ಡಿಯನ್ನು ಪಟ್ಟಿಯಿಂದ ಕಟ್ಟುವುದು. ಎಳೆಯ ಡಾಕ್ಟರನು ಮೊದಲ ದಿನ ಗಡಿಯಾರ ನೋಡಿಕೊಳ್ಳುತ್ತಿದ್ದ. ನಾಲ್ಕನೆಯ ದಿನ ತನ್ನ ಜೊತೆ ಮೂವರನ್ನು ಕರೆತಂದ. ಹತ್ತನೆಯ ದಿನ, ಒಂದು ಸಲ ತಾನು ತಿರುಗಿಸಲೇ ಎಂದು ಕೇಳಿದ. ಖಾಸಿಂಸಾಬ ಅವನ ಕೈ ಹಿಡಿದು ಬೆರಳುಗಳನ್ನು ಮುಟ್ಟಿ ನೋಡಿ, ಇನ್ನೂ ಒರಟು, ಒಂದು ತಿಂಗಳು ಹತ್ತಿ ಹಿಂಜಿ ಬಾ ಎಂದ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ, ಆದರೂ ಅವನಿಗೆ ಅರ್ಥವಾಯಿತು.

ಆ ದಿನಗಳಲ್ಲಿ ಸಾಹೇಬರು ಮತ್ತೆ ಮೊದಲಿನಂತಾದರು. ದಿನ ಬಿಟ್ಟು ದಿನ ನನ್ನ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತಿದ್ದರು. ಮೈಗೆ ಕಾವಲು ಕಾಯುವ ಬಿಳಿ ಕಣಗಳಲ್ಲಿ ಕೆಂಪು ಕಾಳು ತುಂಬಿದ ಒಂದು ಜಾತಿಯಿದೆ. ಸಾಮಾನ್ಯ ದಿನಗಳಲ್ಲಿ ಹುಡುಕಿದರೆ ಒಂದೆರಡು ಸಿಗುತ್ತವೆ. ನನ್ನ ರಕ್ತದಲ್ಲಿ ಅವು ಸಂತೆ ನೆರೆದಂತೆ ನೆರೆದಿದ್ದವು. ಹುಳದ ಸುಳಿವು ಸಿಕ್ಕಾಗ ಮೈ ಇವರನ್ನು ಕರೆಯುತ್ತದೆ ಎಂದು ಸಾಹೇಬರು ವಿವರಿಸಿದರು.

ಇನ್ನೊಂದು ಪರೀಕ್ಷೆ ಮಾಡಿದರು. ಒಣಗಿದ ನಾರನ್ನು ಅರೆದು ಸೋಸಿ ತೆಗೆದ ನೀರನ್ನು ಸೂಜಿಯಿಂದ ಮುಂಗೈಯ ಚರ್ಮದೊಳಗೆ ಒಂದು ಹನಿ ಬಿಟ್ಟರು. ಎಳೆಯ ಡಾಕ್ಟರನ ಕೈಯಲ್ಲಿ ಏನೂ ಆಗಲಿಲ್ಲ. ನನ್ನ ಕೈಯಲ್ಲಿ ಕಾಲು ಗಂಟೆಯೊಳಗೆ ಗುಳ್ಳೆ ಎದ್ದಿತು. ಖಾಸಿಂಸಾಬನ ಕೈಯಲ್ಲಿ ರೂಪಾಯಿಯ ಅಗಲಕ್ಕೆ ಎದ್ದಿತು. ಅವನು ತುರಿಸಿಕೊಳ್ಳುತ್ತಾ ಹೇಳಿದ ಮಾತನ್ನು ನಾನು ಸಾಹೇಬರಿಗೆ ತಿಳಿಸಿದೆ, ಅವರು ಕಾಗದ ತೆಗೆದು ಬರೆದುಕೊಂಡರು.

"ನನ್ನ ಮೈಗೆ ಅದರ ಮಾರಿ ಗೊತ್ತೈತ್ರಿ. ಹೊರಗ ಹಾಕೂದ ಗೊತ್ತಿಲ್ಲ."

ಇಡೀ ವಿಷಯ ಆ ಎರಡು ಮಾತಿನಲ್ಲಿತ್ತು. ಸಿಡುಬನ್ನು ಮೈ ಗುರುತಿಸುತ್ತದೆ, ಹೊಡೆದು ಹಾಕುತ್ತದೆ. ನಾರನ್ನೂ ಗುರುತಿಸುತ್ತದೆ, ಆದರೆ ನಾರು ವರ್ಷವಿಡೀ ಒಳಗೇ ಓಡಾಡಿದರೂ ಕಾವಲಿನವರು ಏಳುವುದಿಲ್ಲ. ಹುಳ ಅವರನ್ನು ಹೇಗೆ ಮಲಗಿಸಿಡುತ್ತದೆಯೋ ತಮಗೂ ಗೊತ್ತಿಲ್ಲ ಎಂದು ಸಾಹೇಬರು ಒಪ್ಪಿಕೊಂಡರು. ಅದು ಹೊರಗೆ ಬರಲು ಹೊರಟಾಗ ಮಾತ್ರ ಒಮ್ಮೆಲೇ ಗದ್ದಲ: ಗಂದೆ, ಬೊಬ್ಬೆ, ಉರಿ. ಒಳಗೆ ಹರಿದರಂತೂ ಹುಳದ ಮೈಯಲ್ಲಿದ್ದುದೆಲ್ಲ ಚೆಲ್ಲಿ, ಕಾವಲಿನವರೆಲ್ಲ ಒಟ್ಟಿಗೆ ಎದ್ದು ಕಾಲಿಗೇ ಬೆಂಕಿ ಹಚ್ಚುತ್ತಾರೆ. ಅದಕ್ಕೇ ನಿಮ್ಮವರು ಕಡ್ಡಿಯನ್ನು ಇಷ್ಟು ಮೆಲ್ಲಗೆ ತಿರುಗಿಸುತ್ತಾರೆ, ಪಹರೆಯವರು ಏಳದ ಹಾಗೆ ಕಳ್ಳನನ್ನು ಹೊರಗೆ ಕಳಿಸುವ ವಿದ್ಯೆ ಇದು, ನಮ್ಮ ಪುಸ್ತಕದಲ್ಲಿ ಇದರ ಕಾರಣ ಬರೆಯುವ ಮೊದಲೇ ನಿಮ್ಮ ಬೆರಳಿಗೆ ಇದು ಗೊತ್ತಿತ್ತು ಎಂದು ಅವರು ಆ ಎಳೆಯರ ಮುಂದೆ ಹೇಳಿದರು. ನಾನು ಕಾಲು ಚಾಚಿ ಮಲಗಿದ್ದೆ. ಯಾವ ಬಿರುದೂ ನನಗೆ ಅಷ್ಟು ಸುಖ ಕೊಟ್ಟಿಲ್ಲ.

ಹತ್ತೊಂಬತ್ತನೆಯ ದಿನ ಬಾಲದ ತುದಿ ಸರಕ್ಕನೆ ಹೊರಗೆ ಬಂತು. ಖಾಸಿಂಸಾಬ ಅದನ್ನು ಬಿಳಿ ಬಟ್ಟೆಯ ಮೇಲೆ ನೆಟ್ಟಗೆ ಹಾಸಿದ. ಎರಡು ಮೊಳ. ಎಲ್ಲಿಯೂ ಹರಿದಿರಲಿಲ್ಲ.

ಸಂತೆಕಲ್ಲೂರಿನ ಕಾಗದ

ಒಂದು ಪ್ರಶ್ನೆ ಉಳಿದಿತ್ತು. ಎಂಟು ಸಲ ಬಂದವನಿಗೆ ಈ ವರ್ಷ ಏಕೆ ಬರಲಿಲ್ಲ, ಬರದವನಿಗೆ ಏಕೆ ಬಂತು? ಮೊದಲರ್ಧಕ್ಕೆ ಉತ್ತರ ಖಾಸಿಂಸಾಬನೇ ಕೊಟ್ಟ. ಹಿಂದೆ ಅವನು ಊರೂರಿನ ಬಾವಿ ನೀರು ಕುಡಿಯುತ್ತಿದ್ದ. ಕಳೆದ ವರ್ಷವೆಲ್ಲ ದವಾಖಾನೆಯಲ್ಲಿದ್ದ, ಅಲ್ಲಿ ಅವನ ಕೊಡಕ್ಕೆ ಬಟ್ಟೆ ಕಟ್ಟುತ್ತಿದ್ದವನು ನಾನು. ಸಾಹೇಬರು ಎರಡು ಕೈಯಲ್ಲೂ ತಲೆ ಹಿಡಿದುಕೊಂಡರು. ರಕ್ತ ತೆಗೆಯಲೆಂದು ಇರಿಸಿದವನಿಗೆ ನಾನು ಯಾರೂ ಹೇಳದೆ ನೀರು ಸೋಸಿ ಕುಡಿಸಿದ್ದೆ. ನಿಮ್ಮ ಶಿಸ್ತು ನನ್ನ ಪ್ರಯೋಗವನ್ನು ತಿಂದು ಹಾಕಿತು ಎಂದು ನಕ್ಕರು, ನಗುತ್ತಲೇ ಇದ್ದರು.

ಉಳಿದರ್ಧ ನನ್ನದು. ಹಿಂದಿನ ಬೇಸಿಗೆಯಲ್ಲಿ ನನ್ನ ಬಟ್ಟೆಯಿಂದ ನಾನೇ ಸೋಸದ ನೀರು ಕುಡಿದದ್ದು ಒಂದೇ ದಿನ ಎಂದು ಡೈರಿ ಹೇಳಿತು. ಸಂತೆಕಲ್ಲೂರಿನಲ್ಲಿ, ತಂಗಿ ಗುರವ್ವನ ಮೊಮ್ಮಗಳ ತೊಟ್ಟಿಲಿಗೆ ಹೋದಾಗ. ಸೋಸುವ ಬಟ್ಟೆಯನ್ನು ಮರೆತು ಹೋಗಿದ್ದೆ. ನೀರು ಸೋಸೀರೇನು ಎಂದು ಕೇಳಿದ್ದೆ, ದಿನಾ ಸೋಸ್ತೀವಣ್ಣ ಎಂದಿದ್ದಳು. 'ಗುರವ್ವನ ಮನೆ, ಸೋಸಿದ ನೀರು' ಎಂದು ಬರೆದಿತ್ತು. ಬೊಬ್ಬೆ ತೋರಿಸಿದ ದಿನವೇ ಅವಳಿಗೆ ವಿಮಾನದ ಅಂಚೆಯಲ್ಲಿ ಕಾಗದ ಹಾಕಿದ್ದೆ. ನಾರು ಹೊರಬಂದ ಮೂರನೆಯ ದಿನ ಉತ್ತರ ಬಂತು. ಗುರವ್ವ ಹೇಳಿದ್ದನ್ನು ಸಾಲಿ ಮಾಸ್ತರರು ಹೇಳಿದ ಹಾಗೆಯೇ ಬರೆದಿದ್ದರು.

"ಅಣ್ಣಾ, ನಾ ನಿನಗ ಸುಳ್ಳ ಹೇಳಿಲ್ಲ. ದಿನಾ ಸೋಸ್ತೀವಿ. ಲಿಂಗಕ್ಕ ಎರಿಯೋ ಅಗ್ಗವಣಿ ಸೋಸದ ಎರದಿಲ್ಲ, ಅವ್ವ ಕಲಿಸಿದ್ದು. ನೀ ಪೂಜಿ ನೀರ ಕೇಳಾಕತ್ತಿ ಅಂತ ತಿಳಕೊಂಡೆ. ಕುಡಿಯೂದು ಬ್ಯಾರೆ ಕೊಡದ್ದು, ಬಾವಿಯಿಂದ ಬಂದಂಗ ಇಡ್ತೀವಿ. ನಿನಗ ಆ ಕೊಡದ್ದ ಕೊಟ್ಟೆ. ಕಾಲು ಹೆಂಗೈತಿ?"

ನಾನು ಕಾಗದವನ್ನು ಮಡಚಿ ಡೈರಿಯ ಆ ಪುಟದೊಳಗೆ ಇಟ್ಟೆ. ಅವಳ ಉತ್ತರ ನಿಜ, ನನ್ನ ಪ್ರಶ್ನೆ ಅರ್ಧ. ದೇವರ ನೀರಿಗೆ ನಾಲ್ಕು ಮಡಿಕೆ ಬಟ್ಟೆ ಹಿಡಿಯುವ ನಮ್ಮ ಮನೆಗಳಲ್ಲಿ ನಮ್ಮ ನೀರಿನ ಮಾತನ್ನು ಬಿಡಿಸಿ ಕೇಳಬೇಕೆಂದು ಮೂವತ್ತು ವರ್ಷ ದವಾಖಾನೆಯಲ್ಲಿದ್ದ ನನಗೆ ಹೊಳೆದಿರಲಿಲ್ಲ. ಅವಳಿಗೆ ಅಂದೇ ಉತ್ತರ ಬರೆದೆ. ಕಾಲು ಆರಾಮ ಎಂಬುದು ಒಂದು ಸಾಲು. ಉಳಿದ ಮೂರು ಪುಟ ಕುಡಿಯುವ ಕೊಡದ ಬಗ್ಗೆ.

ಸಭೆ

ಸಭೆಯಲ್ಲಿ ಐವತ್ತರ ಮೇಲೆ ಡಾಕ್ಟರರಿದ್ದರು. ಹೆಚ್ಚಿನವರು ನನಗಿಂತ ಹಿರಿಯರು. ಸಾಹೇಬರು ತಮ್ಮ ಹಳೆಯ ಪ್ರಬಂಧವನ್ನು ಮೇಜಿನ ಮೇಲಿಟ್ಟು, ಇದು ತಪ್ಪು, ಇದನ್ನು ತಪ್ಪೆಂದು ತೋರಿಸಿದವರೇ ಮಾತಾಡುತ್ತಾರೆ ಎಂದು ನನ್ನನ್ನು ಕರೆದರು. ನಾನು ಸಿಕಂದರಾಬಾದಿನಲ್ಲಿ ಕಲಿತ ಹಾಗೆ ಹಿಮ್ಮಡಿ ಜೋಡಿಸಿ ನಿಂತೆ. ಬಂದದ್ದನ್ನು ಬಂದ ಹಾಗೆ ಹೇಳಿದೆ. ಗಂದೆಯನ್ನು ಪಿತ್ತ ಎಂದುಕೊಂಡದ್ದು, ಐದು ದಿನ ಮುಚ್ಚಿಟ್ಟದ್ದು, ಕೊಡದ ವಿಷಯ, ತಂಗಿಯ ಕಾಗದ. ಎರಡು ಮೊಳದ ನಾರಿದ್ದ ಸೀಸೆ ಸಾಲಿನಿಂದ ಸಾಲಿಗೆ ಕೈ ದಾಟಿತು. ನಾರು ಪೂರ್ತಿ ಇರುವುದನ್ನು ನೋಡಿ ಕೆಲವರು ಖಾಸಿಂಸಾಬನ ಕಡೆ ತಿರುಗಿ ತಲೆಬಾಗಿಸಿದರು. ಅವನು ಸಲಾಂ ಮಾಡಿದ.

ಅಧ್ಯಕ್ಷರಾಗಿದ್ದ ನರೆತ ಡಾಕ್ಟರರು ಕೇಳಿದರು, ಹಾಗಾದರೆ ನಲವತ್ತೆಂಟು ವರ್ಷ ನಿಮ್ಮನ್ನು ಕಾಯ್ದದ್ದು ರಕ್ತದ ಗುಣವಲ್ಲ, ಬರೀ ಒಂದು ತುಂಡು ಬಟ್ಟೆಯೇ? ಹೌದು ಎಂದೆ. ಪ್ರತಿ ದಿನವೇ? ಆ ಒಂದು ದಿನ ಬಿಟ್ಟು ಪ್ರತಿ ದಿನ ಎಂದೆ. ಬಾವಿ ಸಾಹೇಬರು ನಂಬದಿದ್ದುದನ್ನು ಅವರೆಲ್ಲ ಆಗ ನಂಬಿದರು, ನನ್ನ ಮುಖ ನೋಡಿ. ಮಸ್ಕಿಯ ಮುದುಕಿಗೆ ಕೊಡಲು ನನ್ನ ಬಳಿ ಸೂಜಿ ಇರಲಿಲ್ಲ. ಆದರೆ ಅವಳ ಮೊಮ್ಮಕ್ಕಳಿಗೆ ಹಾಕಬೇಕಾದ ಮದ್ದು ಯಾವ ಸಮುದ್ರದ ಆಚೆಯಿಂದಲೂ ಬರಬೇಕಾಗಿಲ್ಲ ಎಂದು ಹೇಳುವ ಹಕ್ಕು ಸಿಕ್ಕಿತ್ತು.

ಸಾಹೇಬರು ಹಳೆಯ ಪ್ರಬಂಧದ ಪಟ್ಟಿಯನ್ನು ತೆರೆದರು. ಅದರಲ್ಲಿ ನನ್ನ ಹೆಸರಿನ ಮುಂದೆ 'ನಾರು ಹತ್ತದ ಮೈ' ಎಂದೂ ಖಾಸಿಂಸಾಬನ ಹೆಸರಿನ ಮುಂದೆ 'ನಾರು ಬಿಡದ ಮೈ' ಎಂದೂ ಇತ್ತು. ಎರಡನ್ನೂ ಗೆರೆ ಎಳೆದು ಹೊಡೆದು, ಈಗ ಏನು ಬರೆಯಲಿ ಎಂದು ನನ್ನನ್ನೇ ಕೇಳಿದರು.

ನಾನು ಲೇಖನಿ ಇಸಿದುಕೊಂಡೆ. ನನ್ನ ಹೆಸರಿನ ಮುಂದೆ 'ಸೋಸಿ ಕುಡಿಯುವವನು' ಎಂದು ಬರೆದು, ಅದರ ಕೆಳಗೆ 'ಒಂದು ದಿನ ತಪ್ಪಿದವನು' ಎಂದು ಸೇರಿಸಿ ರುಜು ಹಾಕಿದೆ. ಖಾಸಿಂಸಾಬನಿಗೆ ಓದಿ ಹೇಳಿದೆ. ಅವನು ಕಾಗದವನ್ನು ತನ್ನ ಕಡೆ ಎಳೆದುಕೊಂಡು ತನ್ನ ಹೆಸರಿನ ಜಾಗದಲ್ಲಿ ಬೆರಳಿಟ್ಟ.

"ನಂದೂ ಅದನ್ನ ಬರೀರಿ, ಕಂಪೌಂಡರ್ ಸಾಹೇಬ್ರ. ಕೆಳಗಿನ ಸಾಲು ಮಾತ್ರ ಬ್ಯಾಡ. ನಾ ಒಂದು ದಿನಾನೂ ತಪ್ಪಿಲ್ರಿ."